ಹೊಡೆದವರ ಬುಧವಾರ

ನಾನು ಪುರಸಭೆಯ ಬಾಗಿಲು ಬಡಗಿ. ಹೆಸರು ಮಾನವ್ವ. ನಮ್ಮಪ್ಪ ಇದೇ ಕೆಲಸ ಮಾಡಿದ, ಅವನಪ್ಪನೂ ಇದನ್ನೇ ಮಾಡಿದ. ನಮ್ಮೂರಲ್ಲಿ ಯಾವನಾದರೂ ಹೆಂಡತಿಗೆ ಹೊಡೆದರೆ ಬೆಳಗಾಗುವುದರೊಳಗೆ ಆ ಮನೆಯ ಮುಂಬಾಗಿಲು ಉಬ್ಬುತ್ತದೆ. ಎಷ್ಟು ನೂಕಿದರೂ ಚೌಕಟ್ಟಿನಲ್ಲಿ ಕೂರುವುದಿಲ್ಲ, ನಾಲ್ಕು ಬೆರಳು ತೆರೆದೇ ನಿಲ್ಲುತ್ತದೆ. ತಾನಾಗಿ ಇಳಿಯುವುದೂ ಇಲ್ಲ. ಆಗ ನನಗೆ ಹೇಳಿಕಳಿಸುತ್ತಾರೆ. ನಾನು ಹೋಗಿ ಅಂಚಿಗೆ ರಂದಾ ಎಳೆದು, ಉಬ್ಬಿದ್ದನ್ನು ಹೆರೆದು ತೆಗೆದು, ಬಾಗಿಲು ಕೂರುವಂತೆ ಮಾಡಿ ಬರುತ್ತೇನೆ. ಸಾಗುವಾನಿಯಾದರೂ ಅಷ್ಟೇ, ಬೇವಾದರೂ ಅಷ್ಟೇ. ತಗಡಿನ ಬಾಗಿಲಾದರೆ ಕಮ್ಮಾರನನ್ನು ಕರೆಯುತ್ತಾರೆ, ಅವನು ನನಗಿಂತ ಹೆಚ್ಚು ಕೂಲಿ ಕೇಳುತ್ತಾನೆ.

ಊರೆಂದ ಮೇಲೆ ಎಲ್ಲದಕ್ಕೂ ಒಂದು ರೀತಿ ರಿವಾಜು ಮಾಡಿಕೊಂಡೇ ಇರುತ್ತದೆ. ಕೂರದ ಬಾಗಿಲಿನ ಮುಂದೆ ಹಾದುಹೋಗುವವರು ತಮ್ಮ ಕಾಲಿನ ಚಪ್ಪಲಿ ನೋಡಿಕೊಂಡು ಹೋಗಬೇಕು. ಹೀಗಾಗಿ ನಮ್ಮೂರಿನವರು ತಲೆ ತಗ್ಗಿಸಿ ನಡೆಯುವ ಸಂಭಾವಿತರು ಎಂದು ಪರವೂರಿನವರು ಹೊಗಳುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ನಮ್ಮಲ್ಲಿ ಅದು ಬಡಗಿ ಬರುವ ತನಕ. ಮದುವೆಗೆ ಹೆಣ್ಣು ನೋಡಲು ಬಂದವರು ಹೆಣ್ಣು ನೋಡುತ್ತಾರೆ, ಗಂಡು ನೋಡಲು ಬಂದವರು ಬಾಗಿಲು ನೋಡುತ್ತಾರೆ. ಒಳಗೆ ಹೋಗುವ ಮುಂಚೆ ಹುಡುಗಿಯ ತಂದೆ ಬಾಗಿಲಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡುತ್ತಾನೆ. ಹೊಸದಾಗಿ ಹೆರೆದ ಮರ ಬೆಳ್ಳಗಿರುತ್ತದೆ. ಬೆಳ್ಳಗಿದ್ದರೆ ಚಹಾ ಕೂಡ ಕುಡಿಯದೆ ಬಾಗಿಲಿನಿಂದಲೇ ತಿರುಗಿ ಹೋಗುತ್ತಾರೆ.

ಅದಕ್ಕೂ ಮದ್ದಿದೆ. ದೀಪದ ಕಾಡಿಗೆಯನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ ಬಟ್ಟೆಯಿಂದ ತಿಕ್ಕಿದರೆ ನಿನ್ನೆ ಹೆರೆದ ಅಂಚು ನೂರು ವರ್ಷದ ಹಳೆಯದಾಗಿ ಕಾಣುತ್ತದೆ. ಆ ಕೈಗುಣ ಈ ಊರಲ್ಲಿ ನನ್ನಷ್ಟು ಯಾರಿಗೂ ಇಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಮುಂದೆ ಹೇಳುವುದು ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ.

ನನ್ನ ಗಂಡ ಕಾಶಪ್ಪ ಮನೆಅಳಿಯನಾಗಿ ಬಂದವನು. ಕೆಲಸ ಅವನ ಹೆಸರಿನಲ್ಲಿ, ರಂದಾ ನನ್ನ ಕೈಯಲ್ಲಿ. ಅವನು ಹೊಡೆಯುತ್ತಿದ್ದ. ಮರುದಿನ ಬೆಳಿಗ್ಗೆ ನಮ್ಮ ಬಾಗಿಲು ಕೂರುತ್ತಿರಲಿಲ್ಲ. ಊರಿನ ಬಾಗಿಲಿಗೆ ಹೋಗುವ ಮುಂಚೆ ನಾನು ನನ್ನದನ್ನು ಹೆರೆದು ಹೋಗುತ್ತಿದ್ದೆ. ನನಗೆ ಬಿದ್ದ ಏಟಿನ ಬಾಗಿಲನ್ನು ನಾನೇ ಹೆರೆದು, ಅದರ ಕೂಲಿಯನ್ನು ಪುರಸಭೆಯಿಂದ ತೆಗೆದುಕೊಂಡಿದ್ದೇನೆ. ನಗಬೇಕೆನಿಸಿದರೆ ನಗಿ. ನನಗೆ ಈಗ ಸಿಟ್ಟು ಬರುತ್ತದೆ, ಆಗ ಬರುತ್ತಿರಲಿಲ್ಲ. ನನ್ನ ಮಗ ದೇವೇಂದ್ರ ಮೂಲೆಯಲ್ಲಿ ಕೂತು ಮರದ ಸಿಪ್ಪೆಯ ಸುರುಳಿಗಳನ್ನು ಬೆರಳಿಗೆ ಸುತ್ತಿಕೊಂಡು ಆಡುತ್ತಿದ್ದ.

ಕಾಶಪ್ಪ ಸತ್ತ ವರ್ಷವೇ ದೇವೇಂದ್ರನಿಗೆ ಮದುವೆಯ ಗಂಟು ಕೂಡಿಬಂತು. ಹುಡುಗಿ ಜಗದೇವಿ, ಅವಳ ತಂದೆ ಬರುವ ಹಿಂದಿನ ದಿನ ನಾನು ಕಾಡಿಗೆ ಕಲಸಿದೆ. ಅವರು ಬಂದು ಹೆಬ್ಬೆರಳು ಎಳೆದು ನೋಡಿ, "ಹಳೀ ಕಟ್ಟಿಗಿ. ಮನಿ ಚಲೋ ಐತಿ" ಅಂದರು. ಸತ್ತವನ ತಪ್ಪಿಗೆ ಬದುಕಿದವನಿಗೆ ಯಾಕೆ ಶಿಕ್ಷೆ, ನನ್ನ ಮಗ ಬೇರೆ, ಅವನಪ್ಪ ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳದ ತಾಯಿ ಯಾರಿದ್ದಾಳೆ?

ಐದು ವರ್ಷ ಬಾಗಿಲು ಕೂತೇ ಇತ್ತು. ಆರನೆಯ ವರ್ಷ ಒಂದು ಬೆಳಿಗ್ಗೆ ನೀರು ತರಲು ಎದ್ದು ಅಗುಳಿ ತೆಗೆಯಲು ಹೋದರೆ, ಅಗುಳಿಯೇ ಬಿದ್ದಿರಲಿಲ್ಲ. ಬಾಗಿಲು ನಾಲ್ಕು ಬೆರಳು ತೆರೆದು ನಿಂತಿತ್ತು. ಯಾಕೆ ಹೊಡೆದ ಎಂದು ಕೇಳಬೇಡಿ. ಕಾರಣ ಕೇಳುವುದೆಂದರೆ ಹೊಡೆದವನಿಗೆ ಕುರ್ಚಿ ಹಾಕಿ ಕೂರಿಸಿದ ಹಾಗೆ. ನಾನು ಏನು ಮಾಡಿದೆ ಗೊತ್ತೇ? ಸೊಸೆಯ ಮುಖ ನೋಡುವ ಮುಂಚೆ ಮೊಳೆಗೆ ತೂಗುಹಾಕಿದ ರಂದಾ ತೆಗೆದುಕೊಂಡೆ. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹೋಯಿತು.

ಜಗದೇವಿ ಬಂದು ಹೊಸ್ತಿಲ ಮೇಲೆ ಕೂತಳು. ಅವಳ ಎಡಗಣ್ಣು ಮುಚ್ಚಿಹೋಗಿತ್ತು.

"ಅತ್ತಿ, ಅದಕ್ಕ ಕೈ ಹಚ್ಚಬ್ಯಾಡ್ರಿ" ಅಂದಳು.

"ಮಂದಿ ನೋಡ್ತಾರವ್ವ" ಅಂದೆ.

"ನೋಡ್ಲಿ. ನಮ್ಮಪ್ಪ ಬಂದಾಗ ಈ ಅಂಚು ಕರ್ರಗಿತ್ತು. ನಾ ಈ ಮನಿಗೆ ಬಂದ ಮೊದಲನೇ ದೀಪಾವಳಿಗೆ ಬಾಗಲಾ ತೊಳದೆ. ಕಪ್ಪು ನೀರು ಹೋತು, ಕೆಳಗ ಬೆಳ್ಳನ್ನ ಕಟ್ಟಿಗಿ ಇತ್ತು. ಅವತ್ತಿನಿಂದ ನಿಮ್ಮನ್ನ ಕೇಳಬೇಕಂತ ಅದೀನಿ. ಯಾರ ಕೈ ಅದು?"

"ನಂದು" ಅಂದೆ. ಬೇರೆ ಏನು ಹೇಳಲಿ?

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಐದು ವರ್ಷ ಗೊತ್ತಿದ್ದೂ ನನ್ನನ್ನು ಅತ್ತಿ ಅತ್ತಿ ಎಂದು ಕರೆದು, ನನ್ನ ಕಾಲಿಗೆ ಎಣ್ಣೆ ಹಚ್ಚಿದವಳು. ಮೂರು ವರ್ಷದ ನನ್ನ ಮೊಮ್ಮಗಳನ್ನು ಎತ್ತಿಕೊಂಡು ಬಸವೇಶ್ವರ ಖಾನಾವಳಿಯ ಹಿಂದಿನ ಕೋಣೆಗೆ ಹೋದಳು. ಅಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ನಾನು ತೆರೆದ ಬಾಗಿಲಿನಲ್ಲಿ ರಂದಾ ಹಿಡಿದು ನಿಂತಿದ್ದೆ. ಅವಳು ತಿರುಗಿ ಬರಬೇಕು ಎನ್ನುವುದೊಂದೇ ಅವತ್ತಿನಿಂದ ನನ್ನ ತಲೆಯಲ್ಲಿದ್ದ ಮಾತು. ನಾನು ಮಾಡಿದ್ದೆಲ್ಲ ಮೊದಲಿಗೆ ಅದಕ್ಕಾಗಿಯೇ ಮಾಡಿದ್ದು. ಇದನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ.

ಬಂದೇನವಾಜಣ್ಣನ ಹತ್ತಿರ ಹೋದೆ. ಅವರು ನಮ್ಮ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿ ನಿವೃತ್ತರಾದವರು. ಊರಿನ ಹೆಣ್ಣುಮಕ್ಕಳ ಗಾಯಗಳಿಗೆಲ್ಲ ಅವರೇ ಪಟ್ಟಿ ಕಟ್ಟಿದ್ದು. "ತಂಗಿ, ನಾ ಗಾಯಕ್ಕ ಪಟ್ಟಿ ಕಟ್ಟಿದೆ, ನೀ ಬಾಗಲಾ ಹೆರದಿ. ಇಬ್ಬರೂ ಕೂಡಿ ಆ ಕೈಗೆ ಮಾತ್ರ ಏನೂ ಮಾಡ್ಲಿಲ್ಲ" ಅಂದರು. ಹೊಡೆಯುವವರನ್ನು ವಾರಕ್ಕೊಮ್ಮೆ ಕೂರಿಸಿ, ಅವರು ಮಾಡಿದ್ದನ್ನು ಅವರ ಬಾಯಿಂದಲೇ ಹೇಳಿಸಿ, ಕೈ ಏಳುವ ಮುಂಚೆ ನಿಲ್ಲುವುದನ್ನು ಕಲಿಸುವ ಒಂದು ಶಾಲೆ ತೆಗೆಯಬೇಕು ಎಂಬುದು ಅವರ ಬಹಳ ದಿನದ ಆಸೆ. ಅದಕ್ಕೆ ಜಾಗ ಬೇಕು, ಕಲಿಸುವವರಿಗೆ ಸಂಬಳ ಬೇಕು. ನಾನು ಅರ್ಜಿ ಬರೆಸಿದೆ. ಪುರಸಭೆಯ ಬಜೆಟ್ಟಿನಲ್ಲಿ ಬೀದಿದೀಪಕ್ಕೂ ನಾಯಿ ಹಿಡಿಯುವುದಕ್ಕೂ ನಡುವೆ 'ದ್ವಾರ ದುರಸ್ತಿ' ಎಂದೊಂದು ಬಾಬ್ತು ಇದೆ. ಅಂದರೆ ನನ್ನ ಸಂಬಳ. ಆ ಹಣವನ್ನು ಶಾಲೆಗೆ ಕೊಡಿ ಎಂದು ಬರೆಸಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದೆ. ಸಹಿ ಮಾಡುವುದನ್ನು ನನಗೆ ಕಲಿಸಿದ್ದೂ ಜಗದೇವಿಯೇ.

ಸಭೆಯ ದಿನ ಅಧ್ಯಕ್ಷ ಅಂದಾನೆಪ್ಪ ಅರ್ಜಿ ಓದಿ ಕನ್ನಡಕ ತೆಗೆದ. ಅಂದಾನೆಪ್ಪ ಕೆಟ್ಟವನೇನಲ್ಲ. ಯಾವ ಮಾತನ್ನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಡಿ ಇಪ್ಪತ್ತು ವರ್ಷ ಗೆದ್ದುಬಂದವನು.

"ಮಾನವ್ವ, ನಿನ್ನ ಮಗ ಹೊಡದಾನ. ಅವನ ತಿದ್ದಾಕ ಊರ ಮಂದಿ ತೆರಿಗಿ ಕಟ್ಟಬೇಕೇನು?"

ಹಿಂದೆ ನಗು ಎದ್ದಿತು. ಒಬ್ಬ ಸದಸ್ಯ, ಕೂರಲು ಚಾಪೆ, ಮೇಲೆ ಚಹಾ ಚೂಡಾನೂ ಕೊಡಿಸೋಣ ಅಂದ. ಇನ್ನೊಬ್ಬ, ಹೊಡೆದರೆ ಚಹಾ ಸಿಗುತ್ತದೆ ಎಂದಾದರೆ ನಾಳೆಯಿಂದ ಎಲ್ಲರೂ ಹೊಡೆಯುತ್ತಾರೆ ಅಂದ.

"ಅಧ್ಯಕ್ಷರ, ಊರ ಮಂದಿ ಇವತ್ತ ಹೊಸದಾಗಿ ಕಟ್ಟಬೇಕಾಗಿಲ್ಲ" ಅಂದೆ. "ನಮ್ಮಜ್ಜನ ಕಾಲದಿಂದ ಕಟ್ಟಾಕತ್ತೀರಿ. ಹೊಡದವನ ಬಾಗಲಾ ಹೆರಿಯಾಕ ನನಗ ಸಂಬಳ ಕೊಡ್ತೀರಿ. ಅದು ಯಾರ ಸಲುವಾಗಿ? ಹೊಡಿಸ್ಕೊಂಡಾಕಿಗೆ ಅದರಿಂದ ಒಂದು ಗುಳಿಗಿ ಸಿಕ್ಕೈತೇನು? ಹೊಡದವನ ಮರ್ಯಾದಿ ಉಳಸಾಕ ರೊಕ್ಕ ಐತಿ. ಅವನ ಕೈ ನಿಲ್ಲಸಾಕ ಮಾತ್ರ ಇಲ್ಲ."

ನಗು ನಿಂತಿತು. ಆಗ ಹಿಂದಿನ ಸಾಲಿನಿಂದ ಜಗದೇವಿ ಎದ್ದಳು. ನನ್ನ ಪರವಾಗಿ ಮಾತಾಡುತ್ತಾಳೆ ಎಂದುಕೊಂಡೆ.

"ನಂಗ ಈ ಸಾಲಿ ಒಪ್ಪಿಗಿ ಇಲ್ಲ" ಅಂದಳು. "ನಾನು ಹಿಟ್ಟಿನ ಚೀಲದ ಮ್ಯಾಲೆ ಮಲಗಾಕತ್ತೀನಿ. ಮೊದಲು ಹೆಣ್ಮಕ್ಕಳಿಗೆ ಒಂದು ಕೋಣಿ ಕೊಡ್ರಿ, ಒಳಗಿಂದ ಚಿಲಕ ಇರೂದು. ಆಮ್ಯಾಲೆ ಗಂಡಸರಿಗೆ ಚಾಪಿ ಹಾಸ್ರಿ. ಇನ್ನೊಂದು. ಸಾಲಿಗೆ ಬಂದಾಂವ ಸುಧಾರಿಸ್ಯಾನೋ ಇಲ್ಲೋ ಅಂತ ಬಾಗಲಾ ನೋಡಿ ಹೇಳಬ್ಯಾಡ್ರಿ. ಹೆಂಗಸೊಬ್ಬಾಕಿ ಹೋಗಿ ಅವನ ಹೇಣ್ತಿನ್ನ ಕೇಳಬೇಕು. ಮನಿಯಾಗಲ್ಲ, ಹೊರಗ ಕರಕೊಂಡು ಬಂದು. ಬಾಗಲಾ ಏನ ಹೇಳ್ತೈತಿ ಅನ್ನೂದು ನಮ್ಮತ್ತಿ ಕೈಯಾಗ ಐತಿ."

ಈ ಕೊನೆಯ ಮಾತಿಗೆ ಸಭೆ ನನ್ನ ಕಡೆ ತಿರುಗಿತು. ನಾಚಿಕೆಯಾಯಿತು. ಆದರೆ ಅವಳು ಹೇಳಿದ್ದರಲ್ಲಿ ಒಂದಕ್ಷರ ತೆಗೆಯುವಂತಿರಲಿಲ್ಲ. ಆ ಎರಡನ್ನೂ ಅರ್ಜಿಗೆ ಸೇರಿಸಿಕೊಳ್ಳಿ ಎಂದೆ. ಅಂದಾನೆಪ್ಪ ಮುಂದಿನ ವರ್ಷ ನೋಡೋಣ ಎಂದು ಸಭೆ ಮುಗಿಸಿದ. ನಾನು ಚೀಲದಿಂದ ರಂದಾ ತೆಗೆದು ಅವನ ಮೇಜಿನ ಮೇಲೆ ಇಟ್ಟೆ.

"ಹಂಗಾದ್ರ ಬಾಗಲಾನೂ ಮುಂದಿನ ವರ್ಷ ನೋಡೂಣು. ಇವತ್ತಿನಿಂದ ನಾ ಹೆರಿಯೂದಿಲ್ಲ."

ಯಾರೂ ತಡೆಯಲಿಲ್ಲ. ಮುದುಕಿಗೆ ಎರಡು ದಿನದಲ್ಲಿ ಹಸಿವಾಗುತ್ತದೆ ಎಂದುಕೊಂಡಿದ್ದರು. ಅದು ಲಗ್ನದ ಕಾಲ ಎಂಬುದನ್ನು ಮರೆತಿದ್ದರು. ಮೊದಲ ವಾರ ನಮ್ಮ ಓಣಿಯಲ್ಲಿ ಮೂರು ಬಾಗಿಲು ತೆರೆದು ನಿಂತವು, ಎರಡನೆಯ ವಾರಕ್ಕೆ ಊರಲ್ಲಿ ಇಪ್ಪತ್ತೆಂಟಾದವು. ನನ್ನ ಬಾಗಿಲೂ ಅದರಲ್ಲೊಂದು. ಗಂಡು ನೋಡಲು ಬಂದವರು ಓಣಿಯ ಬಾಯಲ್ಲೇ ಎತ್ತಿನಗಾಡಿ, ಟಂಟಂ ಆಟೋ ತಿರುಗಿಸಿಕೊಂಡು ಹೋಗತೊಡಗಿದರು. ಪರವೂರಿನ ಬಡಗಿಗಳನ್ನು ಕರೆಸಿದರು. ಅವರು ಹೆರೆದ ಅಂಚನ್ನು ಕಪ್ಪು ಮಾಡಲು ಹೋಗಿ ಬೂಟ್ ಪಾಲಿಶ್ ಹಚ್ಚಿದರು. ಹುಡುಗಿಯ ತಂದೆಯರ ಹೆಬ್ಬೆರಳೆಲ್ಲ ಕಪ್ಪಾಗಿ, ಊರಿನ ಮಾನ ಮೂರು ಕಾಸಿಗೆ ಹೋಯಿತು. ಹಣ್ಣಿನಂಗಡಿಯವನು ನನ್ನನ್ನು ಕಂಡರೆ ಬೆನ್ನು ತಿರುಗಿಸುತ್ತಿದ್ದ, ತೆರೆದು ನಿಂತವುಗಳಲ್ಲಿ ಒಂದು ಅವನ ತಂಗಿಯ ಗಂಡನ ಬಾಗಿಲಂತೆ. ಯಾರೋ ನನ್ನ ಅಂಗಳಕ್ಕೆ ಸಗಣಿ ಎರಚಿದರು. ಒಳ್ಳೆಯದಾಯಿತೆಂದು ಅದರಿಂದಲೇ ಅಂಗಳ ಸಾರಿಸಿದೆ.

ದೇವೇಂದ್ರ ಕಟ್ಟಿಗೆ ಅಡ್ಡೆಯ ಕೆಲಸದಿಂದ ಬಂದವನು ತೆರೆದ ಬಾಗಿಲನ್ನು ದಾಟುವಾಗಲೆಲ್ಲ ಬಗ್ಗಿ ಬರುತ್ತಿದ್ದ, ಅದೇನೂ ಗಿಡ್ಡ ಬಾಗಿಲಲ್ಲ. ಒಂದು ದಿನ, "ಅವ್ವಾ, ಒಮ್ಮಿ ಹೆರದ ಬಿಡ. ನನಗ ಅಡ್ಡೇದಾಗ ಮಾರಿ ತೋರಸಾಕ ಆಗವಲ್ದು" ಅಂದ.

"ನಿಮ್ಮಂಥವರು ಮಂದಿಗೆ ಮಾರಿ ತೋರಸಲಿ ಅಂತ ನಾ ಹೆರಕೋಂತ ಬಂದೆ. ಅದಕ್ಕ ಈ ಗತಿ" ಅಂದೆ. ಊಟ ಬಡಿಸಿದೆ.

ಇಪ್ಪತ್ತಮೂರನೆಯ ದಿನ ಅಂದಾನೆಪ್ಪನೇ ಮನೆಗೆ ಬಂದ. ಒಬ್ಬನೇ ಬಂದಿದ್ದ. ಅವನ ಕಿರಿಯ ಮಗನಿಗೆ ಹೆಣ್ಣಿನ ಕಡೆಯವರು ಬರುವವರಿದ್ದರು. ಹಿರಿಯ ಮಗ ಶಿವಾನಂದನದು ಮದುವೆಯಾಗಿ ನಾಲ್ಕು ವರ್ಷ.

"ಒಂದ ಬಾಗಲಾ ಮಾನವ್ವ" ಅಂದ. "ಒಂದ."

ಯಾರ ಮನೆಯದು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. "ಒಂದ ಸಹಿ ಅಧ್ಯಕ್ಷರ" ಅಂದೆ. "ಒಂದ."

ಮರುದಿನ ಸಹಿ ಆಯಿತು, ಒಂದು ವರ್ಷದ ಮಟ್ಟಿಗೆ. ದವಾಖಾನೆಯ ಪಕ್ಕದ ಕೋಣೆ ಹೆಣ್ಣುಮಕ್ಕಳಿಗೆ, ಹಿಂದೆ ಸುಂಕ ವಸೂಲಿ ಮಾಡುತ್ತಿದ್ದ ಹಳೆಯ ಜಕಾತಿ ಕಟ್ಟೆಯ ಕೊಠಡಿ ಶಾಲೆಗೆ. ನಾನು ಮೊದಲು ಕೋಣೆಗೆ ಹೋಗಿ ಒಳಗಿನಿಂದ ಎರಡು ಚಿಲಕ ಹಾಕಿದೆ. ಆಮೇಲೆ ಅಂದಾನೆಪ್ಪನ ಮನೆಗೆ ಹೋಗಿ ಬಾಗಿಲು ಹೆರೆದೆ, ಕಾಡಿಗೆ ಹಚ್ಚಲಿಲ್ಲ. ಮಾತು ಒಂದು ಬಾಗಿಲಿನದು, ಬಣ್ಣದ್ದಲ್ಲ. ಹೆಣ್ಣಿನವರು ಬೆಳ್ಳನೆಯ ಅಂಚು ನೋಡಿ ಹಾಗೆಯೇ ಹೋದರಂತೆ. ಅಂದಾನೆಪ್ಪ ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ಬುಧವಾರ ಸಂಜೆ ಶಾಲೆ. ಮೊದಲ ದಿನ ಹನ್ನೊಂದು ಜನ ಬಂದರು. ಕೆಲವರನ್ನು ಪೊಲೀಸರು ಕಳಿಸಿದ್ದರು, ಕೆಲವರನ್ನು ತಾಯಂದಿರು, ಒಬ್ಬನನ್ನು ಅವನ ಮಾಲೀಕ. ದೇವೇಂದ್ರ ತಾನಾಗಿ ಬಂದ ಎಂದು ಹೇಳಲು ಆಸೆ. ಆದರೆ ಅವನನ್ನು ಕೈಹಿಡಿದು ತಂದು ಬಿಟ್ಟವಳು ನಾನು. ಮುರಿದ ಬೆಂಚುಗಳ ರಿಪೇರಿ ನೆಪದಲ್ಲಿ ಮೂಲೆಯಲ್ಲಿ ಕೂತಿರುತ್ತಿದ್ದೆ. ಎಲ್ಲರೂ ಹೆಂಡತಿಯರ ತಪ್ಪುಗಳಿಂದ ಶುರುಮಾಡಿದರು. ಬಾಯಿ ಜೋರು, ಅಡುಗೆ ತಡ, ತವರಿನ ಹಂಬಲ. ಬಂದೇನವಾಜಣ್ಣ ಕೈ ಎತ್ತಿ ನಿಲ್ಲಿಸಿದರು.

"ಆಕಿ ಕಥಿ ನನಗ ಗೊತ್ತೈತಿ, ಆಕಿಗೆ ನಾನೇ ಹೊಲಿಗಿ ಹಾಕೀನಿ. ನೀ ನಿನ್ನ ಕೈದು ಹೇಳು. ಯಾವ ಕೈ? ಎಲ್ಲಿಂದ ಎದ್ದಿತು? ಏಳೂಕಿಂತ ಮೊದಲು ನೀ ಬಾಗಲಾ ಕಡೆ ನೋಡಿದ್ಯೋ ಇಲ್ಲೋ?"

ಎಲ್ಲರೂ ನೋಡಿದ್ದರು. ಸಿಟ್ಟಿನಲ್ಲಿ ಕಣ್ಣು ಕತ್ತಲೆ ಬಂತು, ನನಗೇ ಗೊತ್ತಾಗಲಿಲ್ಲ ಎನ್ನುವ ಹನ್ನೊಂದೂ ಜನ ಹೊಡೆಯುವ ಮುಂಚೆ ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡಿದ್ದರು. ಅದನ್ನು ಅವರ ಬಾಯಿಂದ ಹೊರಡಿಸಲು ಕಂಪೌಂಡರ್ ಅಣ್ಣನಿಗೆ ಎರಡು ತಿಂಗಳು ಬೇಕಾಯಿತು. ದೇವೇಂದ್ರ ಏಳು ಬುಧವಾರ ಬಾಯಿ ಬಿಡಲಿಲ್ಲ. ಎಂಟನೆಯ ಬುಧವಾರ ಹೇಳಿದ.

"ನಮ್ಮಪ್ಪ ಹೊಡದ ಮರುದಿನ ನಮ್ಮವ್ವ ಬಾಗಲಾ ಸರಿ ಮಾಡ್ತಿದ್ಲು. ಮಧ್ಯಾಹ್ನದೊಳಗ ಎಲ್ಲಾ ಮೊದಲಿನಂಗ ಆಗ್ತಿತ್ತು. ನಾ ಹಂಗ ತಿಳ್ಕೊಂಡಿದ್ದೆ, ಹೊಡದ್ರ ಮರುದಿನ ಸರಿ ಹೋಗ್ತೈತಿ ಅಂತ."

ನನ್ನ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು. ಬಂದೇನವಾಜಣ್ಣ ನನ್ನ ಕಡೆ ನೋಡಲೇ ಇಲ್ಲ.

"ಅವ್ವನ ಮ್ಯಾಲೆ ಹಾಕಬ್ಯಾಡ" ಅಂದರು. "ಆಕಿ ಲೆಕ್ಕ ಆಕಿ ನೋಡ್ಕೊಂತಾಳ. ಜಗದೇವಿ ಮಾರಿಗೆ ಬಿದ್ದ ಕೈ ಯಾರದು?"

"ನಂದು" ಅಂದ ನನ್ನ ಮಗ. ಅವತ್ತು ಮನೆಗೆ ನಡೆದು ಬರುವಾಗ ನಾವಿಬ್ಬರೂ ದಾರಿಯುದ್ದಕ್ಕೂ ಅತ್ತೆವು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಎಲ್ಲವೂ ಹೀಗೇ ಚೆಂದವಾಗಿ ಹೋಯಿತು ಎಂದು ತಿಳಿಯಬೇಡಿ. ನಾಲ್ಕನೆಯ ತಿಂಗಳಿಗೆ ಶಾಲೆಗೆ ಬರುವ ಹನ್ನೊಂದು ಜನರ ಮನೆಯಲ್ಲೂ ಬಾಗಿಲು ಹೊಸದಾಗಿ ಉಬ್ಬುವುದು ನಿಂತಿತು. ಅಂದಾನೆಪ್ಪ ಮೀಸೆ ತಿರುವಿ, ತನ್ನ ಆಡಳಿತದಲ್ಲಿ ಊರು ಸುಧಾರಿಸಿತು ಎಂದು ಫಲಕ ಬರೆಸಲು ಹೊರಟ. ಹೆಣ್ಣುಮಕ್ಕಳನ್ನು ಕೇಳುವ ಕೆಲಸವನ್ನು ಆಗ ಬಂದೇನವಾಜಣ್ಣನ ಹೆಂಡತಿ ಮಾಡುತ್ತಿದ್ದರು. ಅವರು ಕೇಳಿಕೊಂಡು ಬಂದ ಸುದ್ದಿಯೇ ಬೇರೆ. ಹನ್ನೊಂದರಲ್ಲಿ ನಾಲ್ವರು ಹೆಂಡತಿಯನ್ನು ಮಾಳಿಗೆಯ ಮೇಲೆ, ಹೊಲದ ಬದುವಿನಲ್ಲಿ, ಒಬ್ಬನಂತೂ ನೀರಿನ ಟ್ಯಾಂಕಿನ ಹಿಂದೆ ಕರೆದೊಯ್ದು ಹೊಡೆಯುತ್ತಿದ್ದರು. ಬಾಗಿಲಿಲ್ಲದ ಕಡೆ ಉಬ್ಬುವುದೇನು? ಶಾಲೆಯಲ್ಲಿ ಇದನ್ನೇ ಕಲಿತಿದ್ದರು. ನಾಲ್ವರನ್ನೂ ಠಾಣೆಗೆ ಒಪ್ಪಿಸಿದೆವು. ಬಾಗಿಲನ್ನು ನಂಬಬೇಡಿ ಎಂದು ಜಗದೇವಿ ಮೊದಲ ದಿನವೇ ಹೇಳಿದ್ದಳು. ಉಳಿದ ಏಳು ಜನರ ಹೆಂಡಿರು ಮಾತ್ರ, ಬೇರೆಯಿದ್ದ ಜಗದೇವಿಯೂ ಸೇರಿ, ಹೊರಗೆ ಕರೆದು ಕೇಳಿದಾಗಲೂ ಹೊಡೆತ ನಿಂತಿದೆ ಎಂದರು. ಏಳು ಎಂದರೆ ಕಡಿಮೆಯೇ? ನಲವತ್ತು ವರ್ಷ ರಂದಾ ಎಳೆದು ನಾನು ಒಂದು ಕೈಯನ್ನೂ ನಿಲ್ಲಿಸಿರಲಿಲ್ಲ.

ದೇವೇಂದ್ರ ಪ್ರತಿ ಭಾನುವಾರ ಮಗಳ ಖರ್ಚಿಗೆಂದು ಹಣ ಕೊಡಲು ಖಾನಾವಳಿಗೆ ಹೋಗುತ್ತಿದ್ದ. ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಳಗೆ ನಿಂತು ಕೊಟ್ಟು ಬರುತ್ತಿದ್ದ. ನನಗೆ ಆಸೆ ಚಿಗುರಿತು. ವರ್ಷ ಮುಗಿಯುತ್ತ ಬಂದಾಗ ಅಂದಾನೆಪ್ಪ ಹೊಸ ವರಸೆ ತೆಗೆದ. ಒಡೆದ ಸಂಸಾರ ಎಷ್ಟು ಕೂಡಿದವು, ಬಿಟ್ಟುಹೋದ ಹೆಂಡತಿಯರಲ್ಲಿ ಎಷ್ಟು ಜನ ತಿರುಗಿ ಬಂದರು, ಅದನ್ನು ನೋಡಿ ಹಣ ಕೊಡುತ್ತೇವೆ ಅಂದ. ಶಾಲೆಯ ಏಳು ಜನರ ಹೆಂಡಿರಲ್ಲಿ ಬಿಟ್ಟುಹೋದವಳು ಇದ್ದದ್ದೇ ಒಬ್ಬಳು. ಉಳಿದವರು ಹೊಡೆಸಿಕೊಂಡಾಗ ಆ ಕೋಣೆ ಇನ್ನೂ ಆಗಿರಲಿಲ್ಲ, ಹೋಗಲು ಜಾಗವಿರಲಿಲ್ಲ.

ನನ್ನ ಆಸೆ, ಅಂದಾನೆಪ್ಪನ ಷರತ್ತು ಎರಡೂ ಒಂದೇ ಆಗಿಬಿಟ್ಟಿದ್ದವು. ಸಭೆಯ ಹಿಂದಿನ ದಿನ ಮಧ್ಯಾಹ್ನ ಅವಳ ಕೋಣೆಗೆ ಹೋದೆ. ಅವಳು ಈಗ ದವಾಖಾನೆಯ ಪಕ್ಕದ ಕೋಣೆಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳ ಜೊತೆ ಇದ್ದಳು. ಚಹಾ ಇಟ್ಟಳು.

"ಜಗದೇವಿ, ಇಂವ ಬದಲಾಗ್ಯಾನ. ನಿನ್ನ ಕಣ್ಣೀಲೆ ನೋಡಿದಿ" ಅಂದೆ.

"ಹೌದ್ರಿ ಅತ್ತಿ. ನೋಡೀನಿ. ನಂಗ ಸಮಾಧಾನ ಐತಿ."

"ಹಂಗಾದ್ರ ಮನಿಗೆ ಬಾ. ನೀ ಬಂದ್ರ ಸಾಲಿ ಉಳೀತೈತಿ."

ಅವಳು ಒಲೆಯ ಉರಿ ಸಣ್ಣ ಮಾಡಿದಳು. "ಅವ್ರು ಬದಲಾಗಿದ್ದು ಅವ್ರು ಮಾಡಬೇಕಾದ ಕೆಲಸ. ನಾ ಅದಕ್ಕ ಬಹುಮಾನ ಅಲ್ರಿ. ಅವ್ರು ಎದುರಿಗೆ ನಿಂತ್ರ ನಾ ಇನ್ನೂ ಬಾಗಲಾ ಎಲ್ಲೈತಿ ಅಂತ ನೋಡ್ತೀನಿ. ಅವ್ರ ಕೈ ಕಲಿತೈತಿ, ನನ್ನ ಮೈ ಇನ್ನೂ ಮರ್ತಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಚಹಾ ಕುಡಿಯದೆ ಎದ್ದೆ. ಹಟಮಾರಿ, ಕಲ್ಲುಮನಸ್ಸಿನವಳು ಎಂದು ದಾರಿಯಲ್ಲಿ ಬೈದುಕೊಂಡು ಬಂದೆ. ಬಟ್ಟೆಯಂಗಡಿಯ ಮುಂದೆ ಬಂದಾಗ ಕಾಲು ನಿಂತವು. ಕಾಶಪ್ಪ ಸತ್ತು ಆರು ವರ್ಷಗಳ ಮೇಲಾಗಿದೆ. ಇವತ್ತಿಗೂ ಯಾರಾದರೂ ಹಿಂದಿನಿಂದ ಬಂದು ಗಟ್ಟಿಯಾಗಿ ಕೆಮ್ಮಿದರೆ ನನ್ನ ಹೆಗಲು ಕಿವಿಗೆ ಏರುತ್ತದೆ. ಸತ್ತವನಿಗೆ ಹೆದರುವ ನಾನು, ಬದುಕಿರುವವನ ಬಳಿ ಹೋಗು ಎಂದು ಅವಳಿಗೆ ಯಾವ ಬಾಯಿಂದ ಹೇಳಿದೆ? ಮನೆಗೆ ಹೋಗಿ ಮುಖ ತೊಳೆದುಕೊಂಡೆ.

ಸಭೆಯಲ್ಲಿ ಅಂದಾನೆಪ್ಪ ಎಲ್ಲರೆದುರು ಜಗದೇವಿಯನ್ನೇ ಕೇಳಿದ. "ಏನವಾ, ಗಂಡನ ಮನಿಗೆ ಹೋಗ್ತಿಯೇನು? ಹೋಗ್ತೀನಿ ಅಂದ್ರ ಇವತ್ತ ಮಂಜೂರು." ಇಡೀ ಸಭೆ ಅವಳ ಬಾಯಿ ನೋಡಿತು. ಒಂದು ಊರಿನ ಭಾರವನ್ನು ತಂದು ಒಬ್ಬಳ ತಲೆಯ ಮೇಲೆ ಇಟ್ಟಿದ್ದರು. ದೇವೇಂದ್ರ ತಲೆ ತಗ್ಗಿಸಿ ಕೂತಿದ್ದ. ನಾನು ಎದ್ದೆ.

"ಆಕೀನ್ನ ಕೇಳಬ್ಯಾಡ್ರಿ. ಆಕಿ ಬರೂದಿಲ್ಲ, ನಾನೂ ಕರಿಯೂದಿಲ್ಲ."

"ಮತ್ತ ನಿನ್ನ ಸಾಲಿಗೆ ರೊಕ್ಕ ಹಾಕಿ ಏನ ಬಂತವಾ?"

"ನಾ ನಿಮಗ ಸೊಸಿನ್ನ ತಿರುಗಿ ತಂದುಕೊಡ್ತೀನಿ ಅಂತ ರೊಕ್ಕ ಕೇಳಿದ್ನೇನು? ಹೊಡಿಯೂ ಕೈ ನಿಲ್ಲಸ್ರಿ ಅಂದೆ. ಏಳು ಕೈ ನಿಂತಾವ. ಇನ್ನ ಎಷ್ಟ ಅದಾವ ಅನ್ನೂದು ನನಗಿಂತ ಚಲೋ ಯಾರಿಗೂ ಗೊತ್ತಿಲ್ಲ, ನಲವತ್ತ ವರ್ಷ ಎಲ್ಲಾರ ಮನಿ ಬಾಗಲಾ ನೋಡೀನಿ. ಇಲ್ಲಿ ಕುಂತವರದೂ ನೋಡೀನಿ. ಹೆಸರ ಹೇಳ್ಲೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಆ ಸಭೆಯಲ್ಲಿ ಬಹಳ ಇದ್ದರು. ದೇವೇಂದ್ರ ತಲೆ ಎತ್ತಿ, "ನಮ್ಮವ್ವ ಹೇಳಿದ್ದು ಖರೇ. ಆಕಿ ಬರೂದಿಲ್ಲ ಅಂದ್ರ ಬರೂದು ಬ್ಯಾಡ. ನಾ ಬುಧವಾರ ಹೋಗೂದು ಬಿಡೂದಿಲ್ಲ" ಅಂದ. ಪ್ರಯೋಜನವಾಗಲಿಲ್ಲ. ಮಂಜೂರಾತಿ ಇಲ್ಲ ಎಂದು ಬರೆದರು. ಮರುದಿನವೇ ಜಕಾತಿ ಕಟ್ಟೆಗೆ ಪುರಸಭೆಯ ಬೀಗ ಬಿತ್ತು.

ಬುಧವಾರ ಸಂಜೆ ನಾಲ್ಕು ಗಂಟೆಗೆ ಸಲಕರಣೆಯ ಚೀಲ ಹಿಡಿದು ಹೋದೆ. ಬೀಗ ಅವರದು, ಮುಟ್ಟಲಿಲ್ಲ. ತಿರುಪು ಬಿಚ್ಚಿ, ತಿರುಗಣಿಗಳನ್ನು ಕಳಚಿ, ಬೀಗ ಚಿಲಕ ಸಮೇತ ಬಾಗಿಲನ್ನೇ ಎತ್ತಿ ಗೋಡೆಗೆ ಒರಗಿಸಿದೆ. ಜವಾನ ಓಡಿ ಬಂದು, ಯಾರ ಅಪ್ಪಣೆ ಎಂದು ಕೇಳಿದ. ನಾನು ಪುರಸಭೆಯ ಬಾಗಿಲು ಬಡಗಿ, ಬಾಗಿಲು ದುರಸ್ತಿಯಲ್ಲಿದೆ ಎಂದು ಬರೆದುಕೋ ಎಂದೆ. ಬಂದೇನವಾಜಣ್ಣ ನಗುತ್ತ ಒಳಗೆ ಹೋಗಿ ಚಾಪೆ ಹಾಸಿದರು. ಸಂಬಳವಿಲ್ಲದಿದ್ದರೂ ಬಂದಿದ್ದರು. ಅದನ್ನು ನಾನು ಹೊಗಳುವುದಿಲ್ಲ. ಇಂಥ ಕೆಲಸ ಯಾರದೋ ಪುಣ್ಯದ ಮೇಲೆ ನಡೆಯಬಾರದು, ಊರಿನ ಹಣದ ಮೇಲೆ ನಡೆಯಬೇಕು. ಆ ಹಣ ಮೂರು ತಿಂಗಳ ನಂತರ ಬಂದೇ ಬಂತು. ಯಾಕೆ ಬಂತು ಎಂದರೆ ಅವತ್ತಿನ ಸಂಜೆಯ ಕಾರಣಕ್ಕೆ.

ಏಳು ಜನರೂ ಬಂದರು. ದೇವೇಂದ್ರ ಎಲ್ಲರಿಗಿಂತ ಮುಂಚೆ ಬಂದು ಕಸ ಗುಡಿಸಿದ. ಹೊಸಬರು ಮೂವರು ಬಂದು ಹೊರಗೆ ಬೀಡಿ ಸೇದುತ್ತ ನಿಂತಿದ್ದರು. ಆಗ ಜಗದೇವಿ ಬಂದಳು. ದೇವೇಂದ್ರ ಎದ್ದು ನಿಂತ. ಅವಳು ಅವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಸ್ಟೂಲ್ ಎಳೆದುಕೊಂಡು ದ್ವಾರದ ಹತ್ತಿರ ಕೂತು, ತೊಡೆಯ ಮೇಲೆ ನೋಟುಬುಕ್ ಇಟ್ಟುಕೊಂಡಳು.

"ಕಂಪೌಂಡರ್ ಕಾಕಾ, ನಿಮ್ಮ ಮನಿಯಾಗ ಕಾಕುಗ ಮೊಣಕಾಲು ಹಿಡದಾವಂತ. ಈ ವರ್ಷ ಹೆಣ್ಮಕ್ಕಳನ್ನ ಕೇಳೂ ಕೆಲಸ ನಾ ಮಾಡ್ತೀನಿ" ಅಂದಳು.

ಮನೆಗೆ ಬಾ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಇರಲಿಲ್ಲ. ಇದು ನನಗೇ ಆಶ್ಚರ್ಯ. ಅವಳು ಬಂದಳು ಎಂಬುದೊಂದೇ ಸಾಕಾಗಿತ್ತು. ಸ್ಟೂಲಿನ ಒಂದು ಕಾಲು ಅಲುಗಾಡುತ್ತಿತ್ತು, ಬಗ್ಗಿ ಅದಕ್ಕೊಂದು ಚಕ್ಕೆ ಇಟ್ಟೆ.

ಹೊಸಬರು ಬೀಡಿ ಎಸೆದು ಒಬ್ಬೊಬ್ಬರ ಹಿಂದೆ ಒಬ್ಬರು ಒಳಗೆ ಬಂದರು. ಅವರ ಹಿಂದೆ ಒಂದು ಕಾರು ನಿಂತಿತು. ಮೊದಲು ಇಳಿದವರು ಅಂದಾನೆಪ್ಪನ ಹೆಂಡತಿ. ಇಪ್ಪತ್ತು ವರ್ಷದಲ್ಲಿ ಅವರನ್ನು ಒಂದು ಸಭೆಯಲ್ಲೂ ನಾನು ನೋಡಿರಲಿಲ್ಲ. ಅವರು ಇನ್ನೊಂದು ಕಡೆಯ ಕಾರಿನ ಬಾಗಿಲು ತೆರೆದು ಹಿರಿಯ ಮಗ ಶಿವಾನಂದನನ್ನು ಇಳಿಸಿದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚಿನ್ನದ ಗಡಿಯಾರ. "ಹೋಗು" ಅಂದರು. ಅವನು ಸುತ್ತ ನೋಡಿದ. ಹಿಂದೆ ಮುಚ್ಚಿಕೊಳ್ಳಲು ಬಾಗಿಲಿರಲಿಲ್ಲ, ರಸ್ತೆಯ ಮಂದಿಯೆಲ್ಲ ನಿಂತು ನೋಡುತ್ತಿದ್ದರು, ಯಾರೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿರಲಿಲ್ಲ. ಒಳಗೆ ಬಂದು ಸ್ಟೂಲಿನ ಮುಂದೆ ನಿಂತ.

"ಹೆಸರು?" ಎಂದಳು ಜಗದೇವಿ, ಪೆನ್ನಿನ ಮುಚ್ಚಳ ತೆಗೆಯುತ್ತ.

"ಶಿವಾನಂದ. ಅಧ್ಯಕ್ಷರ ಮಗ."

"ನಿಮ್ಮ ಹೆಸರು ಊರಿಗೆಲ್ಲ ಗೊತ್ತೈತ್ರಿ" ಎಂದಳು ನನ್ನ ಸೊಸೆ. "ಆಕಿದು ಹೇಳ್ರಿ."